ಠಾಣೆಗೆ ಬಾರದ ಕಳವುಗಳನ್ನು ಎಣಿಸುವುದು: ಊರಿನ ಸಮೀಕ್ಷೆಗೆ ಮನೆ ಮತ್ತು ಮಂದಿಯನ್ನು ಆರಿಸುವ ಕ್ರಮ

ಒಂದು ಊರಿನಲ್ಲಿ ವರ್ಷಕ್ಕೆ ಎಷ್ಟು ಕಳವು ಆಗುತ್ತದೆ ಎಂದರೆ ಎಲ್ಲರೂ ಠಾಣೆಯ ಲೆಕ್ಕ ತೆಗೆಯುತ್ತಾರೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ‘ಕ್ರೈಮ್ ಇನ್ ಇಂಡಿಯಾ’ ವರದಿ ಕೂಡಿಸುವುದೂ ಆ ಲೆಕ್ಕವನ್ನೇ. ಅದು ಎಫ್‌ಐಆರ್‌ಗಳ ಎಣಿಕೆ. ಒಂದೇ ಎಫ್‌ಐಆರ್‌ನಲ್ಲಿ ನಾಲ್ಕು ಅಪರಾಧಗಳಿದ್ದರೆ ಹೆಚ್ಚು ಶಿಕ್ಷೆಯಿರುವ ಒಂದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ದೂರು ಕೊಡದವರು, ಕೊಟ್ಟರೂ ಎಫ್‌ಐಆರ್ ಆಗದವರು ಅದರಲ್ಲಿ ಬರುವುದೇ ಇಲ್ಲ. ಅವರನ್ನು ಎಣಿಸಬೇಕಾದರೆ ಮನೆಮನೆಗೆ ಹೋಗಿ ಕೇಳಬೇಕು. ಅಮೆರಿಕದಲ್ಲಿ 1973ರಿಂದ, ಬ್ರಿಟನ್ನಿನಲ್ಲಿ 1982ರಿಂದ ಈ ಕೆಲಸ ಸರ್ಕಾರದ ಖರ್ಚಿನಲ್ಲೇ ನಡೆಯುತ್ತಿದೆ. ನಮ್ಮಲ್ಲಿ ಅಂಥ ನಿಯಮಿತ ರಾಷ್ಟ್ರೀಯ ಸಮೀಕ್ಷೆ ಇಲ್ಲ. ಹಾಗಾಗಿ ವಿಶ್ವವಿದ್ಯಾಲಯದ ವಿಭಾಗವೋ ಸ್ವಯಂಸೇವಾ ಸಂಸ್ಥೆಯೋ ತನ್ನ ಊರಿನ ಮಟ್ಟಿಗೆ ಮಾಡಿಕೊಳ್ಳುವ ಸಮೀಕ್ಷೆಗೆ ಬೆಲೆ ಇದೆ. ಕೇಳಲು ಆರಿಸಿದ ಮನೆ, ಮಂದಿ, ಅಂದರೆ ಸ್ಯಾಂಪಲ್, ಸರಿಯಾಗಿದ್ದರೆ ಮಾತ್ರ.

ಸ್ಯಾಂಪಲ್ ಆರಿಸುವ ಪ್ರತಿ ಹಂತದಲ್ಲೂ ಒಂದಿಷ್ಟು ಜನ ಕೈತಪ್ಪುತ್ತಾರೆ. ಬೇರೆ ವಿಷಯಗಳಲ್ಲಿ ಇದು ಸಣ್ಣ ತೊಂದರೆ ಇರಬಹುದು. ಕಳವಿನ ಅಧ್ಯಯನದಲ್ಲಿ ಕೈತಪ್ಪುವವರೇ ಬಹುಮಟ್ಟಿಗೆ ಕಳೆದುಕೊಂಡವರು: ಹಗಲೆಲ್ಲ ಮನೆಗೆ ಬೀಗ ಹಾಕಿ ಕೆಲಸಕ್ಕೆ ಹೋಗುವವರು, ಮತದಾರರ ಪಟ್ಟಿಯಲ್ಲಿಲ್ಲದ ಬಾಡಿಗೆದಾರರು, ಪಿ.ಜಿ.ಯಲ್ಲಿರುವ ಹುಡುಗ ಹುಡುಗಿಯರು, ಕಟ್ಟಡ ಕೆಲಸದ ಶೆಡ್‌ಗಳಲ್ಲಿರುವ ವಲಸೆ ಕಾರ್ಮಿಕರು. ಮುಂದೆ ಹೇಳುವ ನಿಯಮಗಳಲ್ಲಿ ಹೆಚ್ಚಿನವು ಇವರನ್ನು ಬಿಟ್ಟುಕೊಡದಿರಲು ಮಾಡಿಕೊಂಡವು.

ಎಣಿಸುವುದು ಏನನ್ನು, ಯಾವ ಅವಧಿಗೆ

ಮನೆಗೆ ಆಗುವ ಕಳವು ಬೇರೆ, ವ್ಯಕ್ತಿಗೆ ಆಗುವ ಕಳವು ಬೇರೆ. ಕನ್ನ ಕಳವು, ಬೈಕ್ ಕಳವು, ಅಂಗಳದಿಂದ ಗ್ಯಾಸ್ ಸಿಲಿಂಡರ್ ಹೋಗುವುದು ಇವು ಮನೆಗೆ ಸೇರಿದವು. ಮನೆಯ ವಿಷಯ ಗೊತ್ತಿರುವ ಯಾರಾದರೊಬ್ಬ ವಯಸ್ಕರು ಉತ್ತರ ಕೊಟ್ಟರೆ ಸಾಕು, ದರ ತೆಗೆಯಲು ಭಾಗಿಸುವ ಸಂಖ್ಯೆ, ಅಂದರೆ ಭಾಜಕ, ಒಟ್ಟು ಮನೆಗಳ ಸಂಖ್ಯೆ. ಸರಗಳವು, ಜೇಬುಗಳವು, ಮೊಬೈಲ್ ಕಸಿಯುವುದು ವ್ಯಕ್ತಿಗೆ ಸೇರಿದವು. ಇವನ್ನು ಲಾಟರಿಯಿಂದ ಆರಿಸಿದ ಒಬ್ಬರೇ ತಮ್ಮ ಬಗ್ಗೆ ಮಾತ್ರ ಹೇಳಬೇಕು, ಭಾಜಕ ವಯಸ್ಕರ ಸಂಖ್ಯೆ. ಮಗನ ಮೊಬೈಲ್ ಹೋದದ್ದನ್ನು ಅಮ್ಮ ಹೇಳಿದಳೆಂದು ಅಮ್ಮನ ಖಾತೆಗೆ ಬರೆದರೆ ದರದ ಅರ್ಥವೇ ಕೆಡುತ್ತದೆ. ಪ್ರಶ್ನಾವಳಿಯಲ್ಲಿ ಎರಡಕ್ಕೂ ಬೇರೆ ಬೇರೆ ಭಾಗ ಇಡಿ.

ಅವಧಿ 12 ತಿಂಗಳು ಇರಲಿ. ಇಲ್ಲಿ ಕಾಡುವುದು ನೆನಪು. ಎರಡು ವರ್ಷದ ಹಿಂದೆ ಬೈಕ್ ಕಳೆದುಕೊಂಡವರು ಅದನ್ನು ‘ಹೋದ ವರ್ಷ’ ಎಂದೇ ಹೇಳುತ್ತಾರೆ, ಏಕೆಂದರೆ ಆ ನೋವು ಇನ್ನೂ ಹಸಿಯಾಗಿರುತ್ತದೆ. ಅಮೆರಿಕದ ಸಮೀಕ್ಷೆ ಇದಕ್ಕಾಗಿಯೇ ಅದೇ ಮನೆಗೆ ಆರು ತಿಂಗಳಿಗೊಮ್ಮೆ ಹೋಗಿ, ಹಿಂದಿನ ಭೇಟಿಯಲ್ಲಿ ಹೇಳಿದ್ದು ಮತ್ತೆ ಬಂದಿದೆಯೇ ಎಂದು ನೋಡುತ್ತದೆ. ಒಂದೇ ಸಲ ಹೋಗುವವರು ಮೊದಲು ದೊಡ್ಡ ಅವಧಿ ಕೇಳಿ, ಆಮೇಲೆ ಚಿಕ್ಕದಕ್ಕೆ ಇಳಿಯಬೇಕು. ಅಂತರರಾಷ್ಟ್ರೀಯ ಸಂತ್ರಸ್ತರ ಸಮೀಕ್ಷೆ ‘ಕಳೆದ ಐದು ವರ್ಷದಲ್ಲಿ’ ಎಂದು ಶುರುಮಾಡಿ ‘ಕಳೆದ ವರ್ಷದಲ್ಲಿ’ ಎಂಬಲ್ಲಿಗೆ ಬರುವುದು ಈ ಕಾರಣಕ್ಕೆ. ಹಳೆಯದನ್ನು ಹೇಳಲು ಒಂದು ಜಾಗ ಸಿಕ್ಕರೆ ಜನ ಅದನ್ನು ಹೊಸದರೊಳಗೆ ತುರುಕುವುದಿಲ್ಲ.

ತಾರೀಕಿಗಿಂತ ಹಬ್ಬ ನೆನಪಿರುತ್ತದೆ. ‘ಹೋದ ಯುಗಾದಿಯಿಂದ ಈಚೆಗೆ’ ಎಂದು ಕೇಳಿ, ನಡುವೆ ಶಾಲೆ ಶುರುವಾದದ್ದು, ಗಣೇಶನ ಹಬ್ಬ, ದಸರಾ, ದೀಪಾವಳಿ, ಸಂಕ್ರಾಂತಿ ಇವುಗಳ ಒಂದು ಪಟ್ಟಿಯನ್ನು ಕೈಯಲ್ಲಿ ಹಿಡಿದಿರಿ. ಆದರೆ ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ ಬಂತು. ಅವೆರಡರ ನಡುವೆ ಪೂರ್ತಿ ವರ್ಷವಿಲ್ಲ. ಹಬ್ಬ ನೆನಪಿಗೆ ಮಾತ್ರ. ಅವಧಿಯ ಮೊದಲ ಮತ್ತು ಕೊನೆಯ ದಿನವನ್ನು ಕೈಪಿಡಿಯಲ್ಲಿ ತಾರೀಕಿನಲ್ಲೇ ಬರೆದುಕೊಳ್ಳಿ.

ಎಷ್ಟು ಮಂದಿ ಬೇಕು

ಪ್ರಬಂಧಗಳಲ್ಲಿ ಎಲ್ಲೆಲ್ಲೂ ಕಾಣುವ 384 ಎಂಬ ಸಂಖ್ಯೆಯನ್ನು ದಯವಿಟ್ಟು ಬಿಡಿ. ಶೇ 50ರಷ್ಟಿರುವ ಸಂಗತಿಯನ್ನು ಶೇ 5 ಆಚೀಚೆ ಅಂದಾಜು ಮಾಡಲು, ಅದೂ ಇಡೀ ಊರಿನಿಂದ ನೇರವಾಗಿ ಲಾಟರಿ ಎತ್ತಿದಾಗ, ಬೇಕಾಗುವ ಸಂಖ್ಯೆ ಅದು. ವರ್ಷದಲ್ಲಿ ನೂರಕ್ಕೆ ಆರು ಮನೆಗಳಲ್ಲಿ ಕಳವಾಗುತ್ತದೆ ಎಂದುಕೊಂಡರೆ, ಐದು ಆಚೀಚೆ ಎಂದರೆ ಒಂದರಿಂದ ಹನ್ನೊಂದು. ಇದರಿಂದ ಏನೂ ತಿಳಿದಂತಾಗುವುದಿಲ್ಲ.

ಅಪರೂಪದ ಸಂಗತಿಗೆ ಲೆಕ್ಕ ಹೀಗೆ ಮಾಡಿ. ದರ ಶೇ 6, ಆಚೀಚೆ ಶೇ 1.5 ಸಾಕು ಎನ್ನೋಣ. 1.96ರ (ನೂರಕ್ಕೆ 95 ಭರವಸೆಗೆ ಬಳಸುವ ಸಂಖ್ಯೆ) ವರ್ಗ, ಗುಣಿಸು 0.06, ಗುಣಿಸು 0.94, ಭಾಗಿಸು 0.015ರ ವರ್ಗ: 963 ಮನೆ. ಆದರೆ ನೀವು ಊರೆಲ್ಲ ಚದುರಿದ 963 ಮನೆಗೆ ಹೋಗುವುದಿಲ್ಲ. ಕೆಲವು ಬೀದಿಗಳನ್ನು ಆರಿಸಿ, ಅಲ್ಲಿ ಹತ್ತಿರ ಹತ್ತಿರದ ಮನೆಗಳಿಗೆ ಹೋಗುತ್ತೀರಿ. ಒಂದು ಬೀದಿಯ ಮನೆಗಳ ಅನುಭವ ಒಂದಕ್ಕೊಂದು ಹೋಲುತ್ತದೆ, ಅದರಿಂದ ಸಿಗುವ ಹೊಸ ಮಾಹಿತಿ ಕಡಿಮೆ. ಒಂದು ಗುಂಪಿನಲ್ಲಿ 12 ಸಂದರ್ಶನ, ಹೋಲಿಕೆಯ ಅಂಶ (ಗುಂಪಿನ ಮನೆಗಳು ಒಂದಕ್ಕೊಂದು ಎಷ್ಟು ಹೋಲುತ್ತವೆ ಎಂಬ ಅಳತೆ) 0.04 ಎಂದು ಹಿಡಿದರೆ ಬೇಕಾದ ಸಂದರ್ಶನಗಳು ಹಿಗ್ಗುವ ಪ್ರಮಾಣ 1 + 11 × 0.04, ಅಂದರೆ 1.44. ಆಗ 1,387 ಸಂದರ್ಶನ ಬೇಕು. ನೂರರಲ್ಲಿ 80 ಮನೆ ಉತ್ತರ ಕೊಡುತ್ತವೆ ಎಂದರೆ 1,734 ಮನೆ ಆರಿಸಬೇಕು, ಗುಂಪಿಗೆ 15ರಂತೆ 116 ಗುಂಪು. ಹೋಲಿಕೆಯ ಅಂಶ ನಿಮ್ಮ ಊರಿನಲ್ಲಿ ಬೇರೆ ಇರಬಹುದು. ಗುಂಪು ಹೆಚ್ಚಿಸಿ, ಗುಂಪಿನೊಳಗಿನ ಮನೆ ಕಡಿಮೆ ಮಾಡಿದಷ್ಟೂ ಅದರ ಹೊಡೆತ ತಗ್ಗುತ್ತದೆ. 20 ಗುಂಪುಗಳಲ್ಲಿ 70 ಮನೆಯಂತೆ 1,400 ತುಂಬಿಸುವುದು ಖರ್ಚು ಉಳಿಸುತ್ತದೆ, ಅಂದಾಜನ್ನು ಹಾಳುಮಾಡುತ್ತದೆ.

ಎಂ.ಎ. ಪ್ರಬಂಧಕ್ಕೆ ಇಷ್ಟು ಆಗುವುದಿಲ್ಲ, ನಿಜ. 400 ಸಂದರ್ಶನವೇ ಸಾಧ್ಯ ಎಂದರೆ ಅದೇ ದರಕ್ಕೆ ಆಚೀಚೆ ಸುಮಾರು ಶೇ 2.8 ಬರುತ್ತದೆ, ಅದನ್ನು ಹಾಗೆಯೇ ಬರೆಯಿರಿ. ಕಳೆದುಕೊಂಡ ಮನೆಗಳು ಸಿಗುವುದು 24 ಮಾತ್ರ. ಆ 24ನ್ನು ಬಡಾವಣೆವಾರು, ಆದಾಯವಾರು ಒಡೆದು ಕೋಷ್ಟಕ ಹಾಕಬೇಡಿ, ಕೋಷ್ಟಕದ ಒಂದೊಂದು ಚೌಕದಲ್ಲಿ ಎರಡೋ ಮೂರೋ ಮಾತ್ರ ಉಳಿಯುತ್ತದೆ. ‘ಎಷ್ಟು ಜನ ದೂರು ಕೊಟ್ಟರು’ ಎಂಬುದೇ ಮುಖ್ಯ ಪ್ರಶ್ನೆಯಾದರೆ ಸ್ಯಾಂಪಲ್ ಅಳತೆಯನ್ನು ಕಳೆದುಕೊಂಡವರ ಸಂಖ್ಯೆಯಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. 84 ಮಂದಿ ಇದ್ದರೂ, ಶೇ 30 ಎಂಬ ಉತ್ತರದ ಆಚೀಚೆ ಹತ್ತು ಇರುತ್ತದೆ.

ಪಟ್ಟಿ

ಮತದಾರರ ಪಟ್ಟಿ ಸುಲಭವಾಗಿ ಸಿಗುತ್ತದೆ, ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಭಾಗವಾರು ಇದೆ. ಅದರಿಂದ ಹೆಸರು ಎತ್ತಿದರೆ ಹುಟ್ಟೂರಲ್ಲಿ ವೋಟು ಇಟ್ಟುಕೊಂಡು ಇಲ್ಲಿ ಬಾಡಿಗೆಗೆ ಇರುವವರೆಲ್ಲ ಹೋಗುತ್ತಾರೆ. ತೀರಿಕೊಂಡವರು, ಮನೆ ಬಿಟ್ಟವರು ಉಳಿಯುತ್ತಾರೆ. ಆಸ್ತಿ ತೆರಿಗೆಯ ಪಟ್ಟಿಯಲ್ಲಿ ಮಾಲೀಕರಿದ್ದಾರೆ, ಹಿಂದಿನ ರೂಮಿನ ಬಾಡಿಗೆದಾರರಿಲ್ಲ. ವಾಟ್ಸ್‌ಆ್ಯಪ್ ಗುಂಪುಗಳಿಗೆ ಗೂಗಲ್ ಫಾರ್ಮ್ ಹಂಚಿದರೆ ಯಾರಿಗೆ ತಲುಪಿತು ಎಂಬುದೇ ತಿಳಿಯದು, ಅದರಿಂದ ಊರಿನ ದರ ಹೇಳಲು ಬರುವುದಿಲ್ಲ.

ದಾರಿ ಎಂದರೆ ಹೆಸರನ್ನು ಬಿಟ್ಟು ಜಾಗವನ್ನು ಆರಿಸುವುದು. ಜನಗಣತಿಯ ಎಣಿಕೆ ಬ್ಲಾಕ್‌ಗಳು ಅಥವಾ ರಾಷ್ಟ್ರೀಯ ಸ್ಯಾಂಪಲ್ ಸಮೀಕ್ಷೆಯ ನಗರ ಬ್ಲಾಕ್‌ಗಳ ನಕ್ಷೆ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಮತಗಟ್ಟೆಯ ಭಾಗವನ್ನೇ ಒಂದು ಪ್ರದೇಶ ಎಂದು ಬಳಸಿ. ಯಾವ ಬೀದಿಗಳು ಅದಕ್ಕೆ ಸೇರುತ್ತವೆ ಎಂಬುದು ಪಟ್ಟಿಯ ಮೊದಲ ಪುಟದಲ್ಲೇ ಇರುತ್ತದೆ. ಮತದಾರರ ಸಂಖ್ಯೆ ಬೇಕಾಗುವುದು ಅಳತೆಗೆ ಮಾತ್ರ.

ಬ್ಲಾಕ್‌ನಿಂದ ಮನೆಗೆ

ಉದಾಹರಣೆಗೆ ಒಂದು ಊರಿನಲ್ಲಿ 5,80,000 ಮತದಾರರಿದ್ದಾರೆ ಎನ್ನಿ. ಎಲ್ಲ ಭಾಗಗಳನ್ನು ಒಂದು ಹಾಳೆಯಲ್ಲಿ ಇಳಿಸಿ. ಮೊದಲು ಹಳೆಯ ಪೇಟೆ, ಆಮೇಲೆ ಬಸ್ ನಿಲ್ದಾಣದ ಸುತ್ತ, ಕೊಳೆಗೇರಿ, ಹೊಸ ಲೇಔಟ್, ಊರಂಚು, ಹೀಗೆ ಬಗೆಬಗೆಯಾಗಿ ಜೋಡಿಸಿ. ಪ್ರತಿ ಭಾಗದ ಎದುರು ಮತದಾರರನ್ನು ಕೂಡಿಸುತ್ತಾ ಹೋಗಿ. 116 ಗುಂಪು ಬೇಕಾದ್ದರಿಂದ ಅಂತರ 5,000. ಒಂದರಿಂದ 5,000ದ ಒಳಗೆ ಒಂದು ಸಂಖ್ಯೆಯನ್ನು ಯಾದೃಚ್ಛಿಕವಾಗಿ ತೆಗೆಯಿರಿ, 1,873 ಬಂತು ಎನ್ನೋಣ. 1,873, 6,873, 11,873 ಯಾವ ಭಾಗದೊಳಗೆ ಬೀಳುತ್ತವೆಯೋ ಆ ಭಾಗಗಳು ಆಯ್ಕೆಯಾದವು. ದೊಡ್ಡ ಭಾಗಕ್ಕೆ ಹೆಚ್ಚು ಅವಕಾಶ, ಚಿಕ್ಕದಕ್ಕೆ ಕಡಿಮೆ. ಬಗೆಬಗೆಯಾಗಿ ಜೋಡಿಸಿದ್ದರಿಂದ ಎಲ್ಲ ಬಗೆಯ ಬಡಾವಣೆಯೂ ತಾನಾಗಿ ಬರುತ್ತದೆ.

ಮತಗಟ್ಟೆಯ ಭಾಗ ದೊಡ್ಡದು. ನೂರು ನೂರೈವತ್ತು ಮನೆಯ ತುಂಡುಗಳಾಗಿ ರಸ್ತೆ, ಚರಂಡಿ ನೋಡಿ ಒಡೆಯಿರಿ, ಒಂದು ತುಂಡನ್ನು ಚೀಟಿ ಎತ್ತಿ ಆರಿಸಿ. ಎಷ್ಟು ತುಂಡು ಮಾಡಿದಿರಿ ಎಂಬುದನ್ನು ಬರೆದಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ಇನ್ನು ಮನೆ ಪಟ್ಟಿ. ಇಡೀ ಸಮೀಕ್ಷೆಯಲ್ಲಿ ಜನ ಅವಸರ ಮಾಡುವುದು ಇಲ್ಲಿ, ಕೆಡುವುದೂ ಇಲ್ಲಿಯೇ. ವಾಯವ್ಯದ ಮೂಲೆಯಿಂದ ಹೊರಟು ಬಲಗಡೆಯ ಗೋಡೆ ಹಿಡಿದು ನಡೆಯಿರಿ. ಮನೆ ಎಂದರೆ ಕಟ್ಟಡವಲ್ಲ, ಒಂದೇ ಅಡುಗೆಯಲ್ಲಿ ಉಣ್ಣುವವರು. ಒಂದು ಗೇಟಿನೊಳಗೆ ಕೆಳಗೆ ಮಾಲೀಕರು, ಮೇಲೆ ಎರಡು ಬಾಡಿಗೆ ಸಂಸಾರ, ಹಿಂದೆ ಸಂಪಿನ ಪಕ್ಕದ ರೂಮಿನಲ್ಲಿ ಮೂವರು ಹುಡುಗರು ಇದ್ದರೆ ಪಟ್ಟಿಯಲ್ಲಿ ನಾಲ್ಕು ಸಾಲು ಬರಬೇಕು. ಹೊರಗಿನಿಂದ ನೋಡಿದರೆ ಒಂದೇ ಬಾಗಿಲು. ಕಾಲಿಂಗ್ ಬೆಲ್, ಕರೆಂಟ್ ಮೀಟರ್, ಒಣಹಾಕಿದ ಬಟ್ಟೆ, ಮೆಟ್ಟಿಲ ಬಳಿಯ ಚಪ್ಪಲಿ ನೋಡಿ. ಒಬ್ಬರನ್ನಾದರೂ ‘ಹಿಂದುಗಡೆ, ಮಹಡಿ ಮೇಲೆ ಇನ್ನು ಯಾರಿದ್ದಾರೆ’ ಎಂದು ಕೇಳಿ. ಅಂಗಡಿಯ ಹಿಂದೆ ಮಲಗುವವರು, ಅಪಾರ್ಟ್‌ಮೆಂಟಿನ ವಾಚ್‌ಮನ್ ಕೋಣೆ, ಕಟ್ಟುತ್ತಿರುವ ಕಟ್ಟಡದ ಶೆಡ್ ಇವೆಲ್ಲ ಪಟ್ಟಿಗೆ ಬರಬೇಕು. ಪಿ.ಜಿ.ಯನ್ನು ರೂಮುವಾರು ಬರೆಯಿರಿ. ಒಂದು ತುಂಡಿಗೆ ಇಬ್ಬರಿಗೆ ಅರ್ಧ ದಿನ ಹಿಡಿಯುತ್ತದೆ.

ಪಟ್ಟಿಯಲ್ಲಿ 120 ಮನೆ ಬಂದರೆ ಅಂತರ 8. ಒಂದರಿಂದ ಎಂಟರೊಳಗೆ ಒಂದು ಸಂಖ್ಯೆ ಆರಿಸಿ, ಪ್ರತಿ ಎಂಟನೆಯ ಮನೆ ತೆಗೆದುಕೊಳ್ಳಿ. ಪಟ್ಟಿ ಮಾಡಿದವರೇ ಸ್ಥಳದಲ್ಲಿ ಮನೆ ಆರಿಸಬಾರದು. ನಾಯಿ ಇರುವ ಮನೆ, ಮೂರನೇ ಮಹಡಿಯ ಮನೆ ಹೇಗೋ ತಪ್ಪಿಹೋಗುತ್ತವೆ. ಆಯ್ಕೆ ಕಚೇರಿಯಲ್ಲಿ ಆಗಲಿ.

ಮನೆಯೊಳಗೆ ವ್ಯಕ್ತಿಯನ್ನು ಆರಿಸಲು ‘ಈಚೆಗೆ ಯಾರ ಹುಟ್ಟುಹಬ್ಬ ಆಯಿತು’ ಎಂದು ಕೇಳುವ ಪದ್ಧತಿ ವಿದೇಶದ ಕೈಪಿಡಿಗಳಲ್ಲಿದೆ. ಹಿರಿಯರ ಹುಟ್ಟಿದ ದಿನ ಗೊತ್ತಿಲ್ಲದ ಮನೆಗಳು ನಮ್ಮಲ್ಲಿ ಸಾಕಷ್ಟಿವೆ, ಅದು ಇಲ್ಲಿ ನಡೆಯದು. 18 ತುಂಬಿದವರೆಲ್ಲರನ್ನೂ ವಯಸ್ಸಿನ ಇಳಿಕೆಯಲ್ಲಿ ಬರೆದು, ಕಿಶ್ ಕೋಷ್ಟಕದಿಂದ (ಮನೆಯಲ್ಲಿ ಎಷ್ಟು ವಯಸ್ಕರಿದ್ದರೆ ಎಷ್ಟನೆಯವರನ್ನು ಆರಿಸಬೇಕು ಎಂದು ಮೊದಲೇ ಗೊತ್ತುಮಾಡಿದ ಕೋಷ್ಟಕ) ಅಥವಾ ಮೊಬೈಲ್ ಆ್ಯಪ್‌ನ ಯಾದೃಚ್ಛಿಕ ಸಂಖ್ಯೆಯಿಂದ ಒಬ್ಬರನ್ನು ಗುರುತಿಸಿ. ಬಾಗಿಲು ತೆರೆದವರೇ ಉತ್ತರ ಕೊಟ್ಟರೆ ಸ್ಯಾಂಪಲ್‌ನಲ್ಲಿ ಮನೆಯಲ್ಲಿರುವ ಹೆಂಗಸರು ಮತ್ತು ನಿವೃತ್ತರೇ ತುಂಬುತ್ತಾರೆ. ಬಸ್ಸಿನಲ್ಲಿ ಓಡಾಡಿ ಮೊಬೈಲ್ ಕಳೆದುಕೊಳ್ಳುವವರು ಹೊರಗುಳಿಯುತ್ತಾರೆ.

ಬೀಗ ಹಾಕಿದ ಮನೆ

ಪಕ್ಕದ ಮನೆಯನ್ನು ಬದಲಿಗೆ ತೆಗೆದುಕೊಳ್ಳಬೇಡಿ. ಈ ಒಂದು ನಿಯಮದಲ್ಲಿ ಸಡಿಲ ಬಿಟ್ಟರೆ ಮೇಲಿನ ಶ್ರಮವೆಲ್ಲ ವ್ಯರ್ಥ. ಹಗಲು ಯಾರೂ ಇಲ್ಲದ ಮನೆಗೆ ಕನ್ನ ಹಾಕುವುದು ಸುಲಭ. ಕೋಹೆನ್ ಮತ್ತು ಫೆಲ್ಸನ್ 1979ರಲ್ಲಿ ಮಂಡಿಸಿದ ದೈನಂದಿನ ಚಟುವಟಿಕೆಯ ಸಿದ್ಧಾಂತದ ಒಂದು ತಿರುಳು ಕಾವಲಿನ ಈ ಕೊರತೆಯೇ. ಅದೇ ಕಾರಣಕ್ಕೆ ಆ ಮನೆ ನಿಮಗೂ ಹಗಲು ಸಿಗುವುದಿಲ್ಲ. ಅದನ್ನು ಬಿಟ್ಟು ಜನ ಇರುವ ಪಕ್ಕದ ಮನೆಗೆ ಹೋದರೆ ಸುರಕ್ಷಿತ ಮನೆಗಳೇ ಸ್ಯಾಂಪಲ್‌ಗೆ ಬರುತ್ತವೆ, ದರ ಇಳಿಯುತ್ತದೆ.

ಕನಿಷ್ಠ ನಾಲ್ಕು ಸಲ ಹೋಗಿ: ಒಂದು ವಾರದ ದಿನ ಹಗಲು, ಎರಡು ಸಲ ಸಂಜೆ ಏಳರ ನಂತರ, ಒಂದು ಭಾನುವಾರ ಬೆಳಿಗ್ಗೆ. ಪ್ರತಿ ಭೇಟಿಯ ವೇಳೆ, ಫಲ ಬರೆಯಿರಿ. ಮುಗಿಯಿತು, ನಿರಾಕರಿಸಿದರು, ಬೀಗ, ಖಾಲಿ ಮನೆ, ಮನೆಯೇ ಅಲ್ಲ: ಇವು ಬೇರೆ ಬೇರೆ ಸಂಕೇತ. ಕೊನೆಯ ಎರಡನ್ನು ಉತ್ತರದ ಪ್ರಮಾಣದ ಲೆಕ್ಕದಿಂದ ತೆಗೆಯಬೇಕು, ಬೀಗವನ್ನು ತೆಗೆಯಬಾರದು. ಗೇಟೆಡ್ ಅಪಾರ್ಟ್‌ಮೆಂಟಿಗೆ ವಾರ ಮುಂಚೆಯೇ ಸಂಘದ ಕಾರ್ಯದರ್ಶಿಗೆ ಪತ್ರ ಕೊಡಿ, ಗೇಟಿನಲ್ಲಿ ನಿಂತು ವಾದಿಸಿ ಪ್ರಯೋಜನವಿಲ್ಲ.

ಮಾತನಾಡಿಸುವುದು

ಅಪರಿಚಿತರು ಬಂದು ‘ನಿಮ್ಮ ಮನೆಯಲ್ಲಿ ಕಳವಾಗಿದೆಯೇ’ ಎಂದರೆ ಜನ ಹೆದರುವುದು ಸಹಜ. ಠಾಣೆಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿಯ ಪ್ರತಿ ಜೊತೆಗಿಟ್ಟುಕೊಳ್ಳಿ. ಪೊಲೀಸರನ್ನು ಕರೆದುಕೊಂಡು ಹೋಗಬೇಡಿ. ಒಬ್ಬ ಹೆಂಗಸು ಒಬ್ಬ ಗಂಡಸು ಜೋಡಿಯಾಗಿ ಹೋಗುವುದು ಒಳ್ಳೆಯದು. ಒಡವೆ ಎಲ್ಲಿಡುತ್ತೀರಿ, ಮನೆ ಯಾವ ಹೊತ್ತಿನಲ್ಲಿ ಖಾಲಿ, ಸಿ.ಸಿ. ಕ್ಯಾಮೆರಾ ಇದೆಯೇ ಎಂಬ ಪ್ರಶ್ನೆಗಳು ಪ್ರಶ್ನಾವಳಿಯಲ್ಲಿ ಇರಲೇಬಾರದು. ಒಂದು ಮನೆಯವರಿಗೆ ಅನುಮಾನ ಬಂದರೆ ಆ ಬೀದಿ ಪೂರ್ತಿ ಮುಚ್ಚಿಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಂಥ ಉತ್ತರಗಳಿರುವ ಕಾಗದ ಕಳೆದುಹೋದರೆ ಆ ಮನೆಗೆ ನೀವೇ ಅಪಾಯ ತಂದಂತೆ.

ಅಪರಾಧದ ಹೆಸರು ಹೇಳಿ ಕೇಳಬೇಡಿ, ನಡೆದದ್ದನ್ನು ಕೇಳಿ: ‘ಬಸ್ಸಿನಲ್ಲೋ ಸಂತೆಯಲ್ಲೋ ನಿಮ್ಮ ಜೇಬಿನಿಂದ, ಬ್ಯಾಗಿನಿಂದ ಯಾರಾದರೂ ಏನಾದರೂ ಎತ್ತಿದ್ದುಂಟಾ?’ ಜನ ಮಾತಿನಲ್ಲಿ ಎಲ್ಲವನ್ನೂ ದರೋಡೆ ಎನ್ನುತ್ತಾರೆ, ಕಾನೂನಿನಲ್ಲಿ ದರೋಡೆಗೆ ಐದು ಜನ ಬೇಕು. ವಿವರ ಬರೆದುಕೊಂಡು ವರ್ಗ ನೀವು ಹಾಕಿ. ಮೊದಲು ಎಲ್ಲ ಬಗೆಯ ಕಳವನ್ನೂ ಹೌದು, ಇಲ್ಲ ಎಂದು ಕೇಳಿ ಮುಗಿಸಿ, ಆಮೇಲೆ ಹೌದು ಎಂದವುಗಳ ವಿವರಕ್ಕೆ ಬನ್ನಿ. ಒಂದೊಂದಕ್ಕೂ ಅಲ್ಲೇ ವಿವರ ಕೇಳುತ್ತಾ ಹೋದರೆ, ಹೌದು ಎಂದರೆ ಹತ್ತು ಪ್ರಶ್ನೆ ಬರುತ್ತದೆಂದು ಗೊತ್ತಾಗಿ ಮೂರನೆಯದರಿಂದ ಎಲ್ಲದಕ್ಕೂ ಇಲ್ಲ ಎನ್ನುತ್ತಾರೆ.

ದೂರಿನ ಬಗ್ಗೆ ಕೇಳುವಾಗ ‘ಕಂಪ್ಲೇಂಟ್ ಕೊಟ್ಟಿರಾ’ ಎಂದಷ್ಟೇ ಕೇಳಿದರೆ ಸಾಲದು. ಕೈಗೆ ಯಾವ ಕಾಗದ ಬಂತು ಎಂದು ಕೇಳಿ. ಎಫ್‌ಐಆರ್ ಪ್ರತಿಯೇ, ಅರ್ಜಿಗೆ ಹಿಂಬರಹವೇ, ಮೊಬೈಲ್ ಆದರೆ ಇ-ಲಾಸ್ಟ್ ವರದಿಯೇ, ಏನೂ ಇಲ್ಲವೇ? ಕಸಿದುಕೊಂಡ ಮೊಬೈಲ್‌ಗೂ ಸಿಮ್ ತೆಗೆಸಲು ‘ಕಳೆದುಹೋಗಿದೆ’ ಎಂಬ ವರದಿ ಮಾಡಿಸಿ ಸುಮ್ಮನಾಗುವವರಿದ್ದಾರೆ. ಅವರ ಪ್ರಕಾರ ದೂರು ಕೊಟ್ಟಾಗಿದೆ, ಕಳವಿನ ಅಂಕಿಯಲ್ಲಿ ಅದು ಇಲ್ಲ. ಠಾಣೆಯ ಲೆಕ್ಕಕ್ಕೂ ನಿಮ್ಮ ಲೆಕ್ಕಕ್ಕೂ ಇರುವ ಅಂತರ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಈ ಒಂದು ಪ್ರಶ್ನೆ ಹೇಳುವಷ್ಟು ಬೇರೆ ಯಾವುದೂ ಹೇಳುವುದಿಲ್ಲ.

ಕಳವಿನ ಪ್ರಶ್ನಾವಳಿಯ ಬಾಲಕ್ಕೆ ಕೌಟುಂಬಿಕ ಹಿಂಸೆಯ ಎರಡು ಪ್ರಶ್ನೆ ಸೇರಿಸುವ ಆಸೆ ಬರುತ್ತದೆ, ಬೇಡ. ಏಕಾಂತ, ತರಬೇತಿ, ನೆರವಿನ ವ್ಯವಸ್ಥೆ ಇಲ್ಲದೆ ಕೇಳಿದರೆ ಆ ಹೆಂಗಸಿಗೆ ಅಪಾಯ. ಬರುವ ಉತ್ತರವೂ ಸುಳ್ಳು. 1971ರಲ್ಲಿ ಅಮೆರಿಕದ ಸ್ಯಾನ್ ಹೋಸೆಯಲ್ಲಿ, ಪೊಲೀಸರಲ್ಲಿ ದೂರು ದಾಖಲಾಗಿದ್ದವರನ್ನೇ ಹುಡುಕಿ ಸಂದರ್ಶಿಸಿದಾಗ, ಅಪರಿಚಿತರಿಂದಾದ ಹಲ್ಲೆ, ಸುಲಿಗೆಗಳನ್ನು ಸುಮಾರು ಮುಕ್ಕಾಲು ಪಾಲು ಮಂದಿ ಹೇಳಿದರು. ಬಂಧುಗಳಿಂದಾದದ್ದನ್ನು ಕಾಲು ಪಾಲಿಗಿಂತ ಕಡಿಮೆ. ಮಕ್ಕಳನ್ನು ಸಂದರ್ಶಿಸಬೇಡಿ. ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಿಳಿದ ಯಾರೇ ಆದರೂ ವರದಿ ಮಾಡಲೇಬೇಕು, ಗುಟ್ಟಾಗಿಡುತ್ತೇವೆ ಎಂಬ ಮಾತನ್ನು ಆಗ ಉಳಿಸಿಕೊಳ್ಳಲಾಗದು. ತುರ್ತಿಗೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098, ಆನ್‌ಲೈನ್ ವಂಚನೆಗೆ 1930 ಎಂಬ ಸಹಾಯವಾಣಿಗಳಿರುವ ಒಂದು ಚೀಟಿಯನ್ನು ಎಲ್ಲ ಮನೆಗೂ ಕೊಡಿ, ಕೇಳಿದವರಿಗೆ ಮಾತ್ರವಲ್ಲ.

ಎಫ್‌ಐಆರ್‌ಗಳ ಪಕ್ಕದಲ್ಲಿಟ್ಟು ನೋಡುವುದು

ಸುಪ್ರೀಂ ಕೋರ್ಟಿನ 2016ರ ಆದೇಶದಂತೆ, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಪೊಲೀಸರು ಜಾಲತಾಣಕ್ಕೆ ಹಾಕಬೇಕು. ಠಾಣೆಯಲ್ಲಿ ಅಪರಾಧ ಸಂಖ್ಯೆ ಜನವರಿಯಿಂದ ಓಡುವ ಒಂದೇ ಸರಣಿ, ಆದ್ದರಿಂದ ನಡುವೆ ಬಿಟ್ಟುಹೋದ ಸಂಖ್ಯೆ ಎಷ್ಟು ಎಂದು ತಿಳಿಯುತ್ತದೆ. ಹೋಲಿಸುವಾಗ ಎಫ್‌ಐಆರ್ ದಾಖಲಾದ ದಿನ ನೋಡಬೇಡಿ, ಕೃತ್ಯ ನಡೆದ ದಿನ ನೋಡಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ, ಕಸಿದುಕೊಳ್ಳುವುದಕ್ಕೆ 304ನೇ ಕಲಮು ಬೇರೆಯಾಗಿ ಬಂದಿದೆ. ಹಳೆಯ ದಂಡ ಸಂಹಿತೆಯಲ್ಲಿ ಇಂಥ ಕಲಮು ಇರಲಿಲ್ಲ. ಸರಗಳವು ಸನ್ನಿವೇಶ ನೋಡಿ ಕಳವಿನಲ್ಲೋ ಸುಲಿಗೆಯಲ್ಲೋ ಸೇರುತ್ತಿತ್ತು. ಆ ದಿನದ ಆಚೀಚೆಯ ಸಂಖ್ಯೆಗಳನ್ನು ಕಲಮುವಾರು ಒಂದೇ ಗೆರೆಯಲ್ಲಿ ಎಳೆಯಬೇಡಿ.

ತೂಕ ಮತ್ತು ಕೋಷ್ಟಕ

ಪ್ರತಿ ಮನೆಗೂ ಸಿಕ್ಕ ಅವಕಾಶ ಬೇರೆ, ಅದನ್ನು ಸರಿದೂಗಿಸಬೇಕು. 1,160 ಮತದಾರರ ಭಾಗಕ್ಕೆ ಸಿಕ್ಕ ಅವಕಾಶ 116 × 1,160 ÷ 5,80,000, ಅಂದರೆ 0.232. ಮೂರು ತುಂಡಿನಲ್ಲಿ ಒಂದು, 120 ಮನೆಯಲ್ಲಿ 15. ಎಲ್ಲ ಗುಣಿಸಿದರೆ 0.00967, 1ನ್ನು ಅದರಿಂದ ಭಾಗಿಸಿದರೆ ಮನೆಯ ತೂಕ 103.4, ಅಂದರೆ ಆ ಒಂದು ಮನೆ ಊರಿನ ಸುಮಾರು 103 ಮನೆಗಳ ಪರವಾಗಿ ನಿಲ್ಲುತ್ತದೆ. ಆ ಮನೆಯಲ್ಲಿ ನಾಲ್ವರು ವಯಸ್ಕರಿದ್ದರೆ ಆರಿಸಿದ ವ್ಯಕ್ತಿಯ ತೂಕ 413.8. ಉತ್ತರಿಸದ ಮನೆಗಳಿಗಾಗಿ ಅದೇ ಗುಂಪಿನೊಳಗೆ ತೂಕ ಏರಿಸಿ. ಆರ್ ಎಂಬ ಅಂಕಿಅಂಶ ತಂತ್ರಾಂಶದ ‘ಸರ್ವೆ’ ಪ್ಯಾಕೇಜಿಗೆ ತೂಕ, ಗುಂಪು ಎರಡನ್ನೂ ಹೇಳಿ. ಎಕ್ಸೆಲ್‌ನ ಸಾಮಾನ್ಯ ಸೂತ್ರ ದೋಷದ ಅಂತರವನ್ನು ಇರುವುದಕ್ಕಿಂತ ಕಿರಿದಾಗಿ ತೋರಿಸುತ್ತದೆ.

ಎಷ್ಟು ಮಂದಿ ಕಳೆದುಕೊಂಡರು, ಎಷ್ಟು ಸಲ ಕಳೆದುಕೊಂಡರು ಎರಡನ್ನೂ ಕೊಡಿ. ಒಬ್ಬರೇ ಹದಿನೈದು ಸಲ ಎಂದರೆ ಆ ಒಂದು ಉತ್ತರ ಊರಿನ ದರವನ್ನೇ ಎತ್ತಿಬಿಡುತ್ತದೆ. ಬ್ರಿಟನ್ನಿನ ಸಮೀಕ್ಷೆ ಇದಕ್ಕಾಗಿ ಬಹುಕಾಲ ಒಬ್ಬರಿಗೆ ಐದೇ ಘಟನೆ ಎಂದು ಮಿತಿ ಹಾಕಿತ್ತು. ಮನೆಯೊಳಗೆ ಪದೇಪದೇ ಹೊಡೆತ ತಿನ್ನುವ ಹೆಂಗಸರು ಅದರಿಂದ ಮರೆಯಾಗುತ್ತಾರೆ ಎಂಬ ಟೀಕೆ ಬಂದು, ಕೊನೆಗೆ ಆ ಮಿತಿ ಬದಲಾಯಿತು. ನೀವು ಮಿತಿ ಹಾಕಿದರೆ ಎಷ್ಟೆಂದು ಬರೆಯಿರಿ, ಹಾಕದೆ ಬರುವ ಸಂಖ್ಯೆಯನ್ನೂ ಪಕ್ಕದಲ್ಲಿ ಕೊಡಿ. ನಿಮ್ಮ ದರ 1,000 ಮನೆಗೆ, ಬ್ಯೂರೊದ ದರ ಲಕ್ಷ ಜನಸಂಖ್ಯೆಗೆ. ಒಂದೇ ಭಾಜಕಕ್ಕೆ ತಂದ ಮೇಲೆಯೇ ಹೋಲಿಸಬೇಕು. ಪ್ರತಿ ಶೇಕಡಾವಾರಿನ ಕೆಳಗೆ ತೂಕ ಹಾಕದ ನಿಜವಾದ ಸಂಖ್ಯೆ, ಆಚೀಚೆಯ ಅಂತರ ಇರಲಿ. ನಾಲ್ಕು ಸಲ ಹೋದರೂ ಬೀಗವೇ ಕಂಡ ಮನೆಗಳೆಷ್ಟು, ಅವು ಯಾವ ಬಗೆಯ ಬಡಾವಣೆಯಲ್ಲಿ ಹೆಚ್ಚು ಎಂಬ ಕೋಷ್ಟಕ ಅನುಬಂಧಕ್ಕೆ ಹೋಗಬಾರದು, ದರದ ಪಕ್ಕದಲ್ಲೇ ಬರಬೇಕು.